ಡಬ್ಬಿ ಟಿವಿಯಲ್ಲಿ ಮಗಳ ಮದುವೆ

"ನಾ ಜೀವಂತ ಇರೂತನಕ ಈ ಟಿವಿ ಈ ಮನಿ ಹೊಸ್ತಿಲಾ ದಾಟೂದಿಲ್ಲ!" ಎಂದು ಬೆಟಗೇರಿಯ ನೇಕಾರ ಕಲ್ಲಣ್ಣ ತೊಡೆ ತಟ್ಟಿ ಘೋಷಿಸಿದ.

ಆ ಟಿವಿಯಾದರೂ ಎಂಥದ್ದು! ಮುಂದೆ ಪುಟ್ಟ ಮುಖ, ಹಿಂದೆ ಗುಡಾಣದಂಥ ಹೊಟ್ಟೆ. ಓಣಿಗೆ ಮೊಟ್ಟಮೊದಲು ಬಂದ ಬಣ್ಣದ ಟಿವಿ ಅದೇ. ಅದರ ಮುಂದೆ ಇಡೀ ಓಣಿ ಚಾಪೆ ಹಾಸಿ ಕುಳಿತಿದ್ದ ವೈಭವವನ್ನು ಕಲ್ಲಣ್ಣ ಇನ್ನೂ ಮರೆತಿಲ್ಲ. ಹೆಂಡತಿ ಬನಶಂಕರೆವ್ವನಿಗೆ ಮಾತ್ರ ಅದು ಮೂಲೆ ಹಿಡಿದು ಕುಳಿತ, ಏಳಲೊಲ್ಲದ ನೆಂಟ.

"ನಾಳೆ ಲಕ್ಷ್ಮೇಶ್ವರದಿಂದ ಬೀಗರು ಬರ್ತಾರ. ನಮ್ಮ ಮಗಳು ಅನುರಾಧಾನ ಮದುವಿ ವಿಡಿಯೋ ಎಲ್ಲಾರೂ ಕೂಡಿ ನೋಡೂಣು ಅಂದಾರ. ಈ ಡಬ್ಬ್ಯಾಗ ಏನ್ ತೋರಸ್ತೀರಿ, ನಿಮ್ಮ ಮುಖಾ?"

"ಇದರಾಗ ಮದುವೀನ ತೋರಸ್ತೇನಿ!"

"ತೋರಿಸಿದ್ರ ಇಟಗೋರಿ, ನಾ ಬ್ಯಾಡ ಅನ್ನೂದಿಲ್ಲ. ಬರಲಿಲ್ಲಂದ್ರ ಗುಜರಿಯಾಂವಗ ಹಾಕಿ ಹೊಸಾದು ತರೂದು. ಆತಿಲ್ಲೋ?"

"ಆತು!"

ಕಲ್ಲಣ್ಣ ಗದಗಿನ ಪೇಟೆಗೆ ಓಡಿದ. ಪೆನ್‌ಡ್ರೈವ್ ಸಿಕ್ಕಿಸಿದರೆ ವಿಡಿಯೋ ತೋರಿಸುವ ಪುಟ್ಟ ಪೆಟ್ಟಿಗೆ ತಂದ. ಬಿಚ್ಚಿ ನೋಡಿದರೆ ಅದರ ವೈರಿನ ಮೂತಿ ಚಪ್ಪಟೆ, ಟಿವಿಯ ಬೆನ್ನಿನಲ್ಲಿರುವುದು ದುಂಡು ತೂತು! ಮತ್ತೆ ಓಡಿದ. ಅಂಗಡಿಯವನು ನಡುವೆ ಹಾಕಲು ಒಂದು ಕನ್ವರ್ಟರ್ ಕೊಟ್ಟ. ಎರಡು ಮನೆತನಗಳ ನಡುವೆ ಸಂಬಂಧ ಕುದುರಿಸುವ ಹಿರಿಯನಂತೆ, ಹೊಸಬನ ಮಾತನ್ನು ಹಳಬನಿಗೆ ತಿಳಿಯುವಂತೆ ಹೇಳುವುದೇ ಅದರ ಕೆಲಸ.

"ಹಳದಿಗೆ ಹಳದಿ ಹಾಕಿದ್ರ ಚಿತ್ರ, ಬಿಳಿಗೆ ಬಿಳಿ ಹಾಕಿದ್ರ ಧ್ವನಿ. ಕೆಂಪು ಬಿಟ್ಟಬಿಡ್ರಿ, ಹಳೇ ಟಿವಿಗೆ ಬೇಕಾಗೂದಿಲ್ಲ," ಎಂದೂ ಹೇಳಿಕೊಟ್ಟ. ಹುಟ್ಟಿದಾರಭ್ಯ ಬಣ್ಣದ ನೂಲಿನಲ್ಲೇ ಕೈಯಾಡಿಸಿದವನಿಗೆ ಬಣ್ಣದ ಪಾಠ! ಕಲ್ಲಣ್ಣ ಮೀಸೆಯಲ್ಲೇ ನಕ್ಕು ಬಂದ. ಮನೆಗೆ ಬಂದವನೇ ಟಿವಿಯ ಬೆನ್ನು ನೋಡಿದ. ಎಡಕ್ಕೆ ಹಳದಿ, ಬಲಕ್ಕೆ ಬಿಳಿ. ಇಷ್ಟೇ ತಾನೇ!

ಮರುದಿನ ಬೀಗರು ಬಂದರು. ಬೀಗತಿ ಮಂಜವ್ವ ಹೋಳಿಗೆ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಟಿವಿಯ ಎದುರಿಗೇ ಚಾಪೆಯ ತುಂಬ ಕುಳಿತಳು.

"ಟಿವಿ ಈಚೆ ತಿರುಗಿಸಿ, ನೋಡಿ ಜೋಡಸ್ರಿ," ಎಂದಳು ಬನಶಂಕರೆವ್ವ.

"ಮಗ್ಗದ ಆಚೆ ಎಳಿ ಹರದ್ರ ನಾ ಎದ್ದು ಹೋಗಿ ನೋಡತೇನೇನು? ಕುಂತಲ್ಲೇ ಬೆರಳಿನಿಂದ ಹುಡಿಕಿ ಗಂಟು ಹಾಕತೇನಿ. ನನಗ ಕಲಸ್ತಾಳ!"

ಹೀಗೆಂದು ಕಲ್ಲಣ್ಣ ಎದುರಿನಿಂದಲೇ ಟಿವಿಯನ್ನು ತಬ್ಬಿಕೊಂಡು ಹಿಂದಕ್ಕೆ ಕೈ ಚಾಚಿದ. ಎಡಗಡೆಯ ತೂತಿಗೆ ಹಳದಿ, ಬಲಗಡೆಯದಕ್ಕೆ ಬಿಳಿ ಒತ್ತಿದ. ಹಿಂದಿನಿಂದ ನೋಡಿದ ಎಡ ಮುಂದಿನಿಂದ ಬಲವಾಗುತ್ತದೆ ಎಂಬ ಸಣ್ಣ ಸಂಗತಿ ಆ ಮಹಾನುಭಾವನ ತಲೆಗೆ ಹೊಳೆಯಲೇ ಇಲ್ಲ! ಗುಂಡಿ ಒತ್ತಿದ.

ಗುಂಯ್ಯ್ಯ್! ಟಿವಿ ಒದರತೊಡಗಿತು. ಕಪ್ಪು ಪರದೆಯ ಮೇಲೆ ಬಿಳಿ ಗೆರೆಗಳು ಕುಣಿದವು.

"ಮದುವಿ ದಿನಾ ಇಷ್ಟು ಮಳಿ ಬಂದಿತ್ತೇನ್ರಿ ಬೀಗರ?" ಎಂದಳು ಮಂಜವ್ವ, ಕಣ್ಣು ಕಿರಿದು ಮಾಡಿ.

ಕಲ್ಲಣ್ಣ ಟಿವಿಯ ನೆತ್ತಿಗೆ ಒಂದು ಬಾರಿಸಿದ. ಗುಂಯ್ ಎನ್ನುವುದು ಇನ್ನೂ ಜೋರಾಯಿತು. ಪಾಪ, ಕಲ್ಲಣ್ಣನಿಗೆ ಗುಜರಿಯವನು ಬಾಗಿಲಲ್ಲೇ ನಿಂತಂತಾಯಿತು.

ಬನಶಂಕರೆವ್ವ ಸುಮ್ಮನೆ ಕುಳಿತಿದ್ದರೆ ಗೆಲುವು ಅವಳದೇ. ಆದರೆ ಬೀಗರ ಮುಂದೆ ಮನೆಯ ಮರ್ಯಾದೆ ಹೋಗಬೇಕೇ? "ಸರೀರಿ ಅತ್ತಾಗ!" ಎಂದವಳೇ ಹಿಂದೆ ಹೋಗಿ, ಧೂಳು ಒರೆಸಿ, ಎರಡೂ ವೈರು ಅದಲುಬದಲು ಮಾಡಿದಳು. ವಾಲಗ ಮೊಳಗಿತು! ಮದುವೆ ಕಳೆಗಟ್ಟಿ ಮೂಡಿತು!

ಅಗಲವಾದ ಚಿತ್ರವನ್ನು ಡಬ್ಬಿಯ ಸಣ್ಣ ಮುಖದೊಳಗೆ ತುರುಕಿದ್ದರಿಂದ ಮಂದಿಯೆಲ್ಲ ಎರಡೂ ಕಡೆಯಿಂದ ಒತ್ತಿ ಎಳೆದಂತೆ ಉದ್ದುದ್ದ, ತೆಳ್ಳತೆಳ್ಳಗೆ ಕಂಡರು. ಕಲ್ಲಣ್ಣ ಮತ್ತೆ ಟಿವಿಯ ನೆತ್ತಿಗೆ ಕೈ ಎತ್ತಿದ. ಅಷ್ಟರಲ್ಲಿ ಮಂಜವ್ವ ಚಂಗನೆ ಎದ್ದು ನಿಂತಳು.

"ಅಯ್ಯ ನಮ್ಮವ್ವ! ಅಕಿ ನಾನೇನ್ರಿ? ನಮ್ಮನಿ ಹೊಸಾ ಟಿವ್ಯಾಗ ಕಾಳಿನ ಕಣಜ ಕಂಡಂಗ ಕಾಣತೇನಿ. ಇಲ್ನೋಡ್ರಿ, ಮದುವಿ ಹುಡುಗಿಗಿಂತ ನಾನ ತೆಳ್ಳಗದೇನಿ! ಇನ್ನೊಮ್ಮೆ ಹಾಕ್ರಿ!"

ಇನ್ನೊಮ್ಮೆ ಹಾಕಿದರು. ಮತ್ತೊಮ್ಮೆ ಹಾಕಿದರು. ಟಿವಿ ಉಳಿಯಿತು! ಕಲ್ಲಣ್ಣ ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದ. ಆಗ ಮಂಜವ್ವ ಮೆಲ್ಲಗೆ ಬಾಯಿ ತೆರೆದಳು.

"ಬೀಗರ, ಈ ಟಿವಿ ನಮಗ ಕೊಡ್ರಿ."

ಕಲ್ಲಣ್ಣನ ಮೀಸೆ ಹಿಡಿದ ಕೈ ಅಲ್ಲೇ ನಿಂತಿತು. "ಅದು... ಭಾಳ ಹಳೇದ್ರಿ."

"ಇರಲಿ ಬಿಡ್ರಿ."

"ಒಮ್ಮೊಮ್ಮೆ ಒದರತೈತ್ರಿ."

"ನಮ್ಮನ್ಯಾಗ ಎಲ್ಲಾರೂ ಒದರತೇವ್ರಿ!"

ಗಂಡಿನ ಕಡೆಯವರು ಬಾಯಿಬಿಟ್ಟು ಕೇಳಿದ್ದಕ್ಕೆ ಹೆಣ್ಣಿನ ತಂದೆ ಇಲ್ಲ ಎನ್ನಲಾದೀತೇ? ಅವನು ಇನ್ನೊಂದು ನೆಪ ಹುಡುಕುವಷ್ಟರಲ್ಲಿ ಬನಶಂಕರೆವ್ವ ಆನಂದಬಾಷ್ಪ ಸುರಿಸುತ್ತ ಅರಿಷಿಣ ಕುಂಕುಮ ತಂದು ಟಿವಿಯ ಹಣೆಗೆ ಹಚ್ಚಿದ್ದಳು. ಗಂಡನ ಮನೆಗೆ ಹೊರಟ ಮಗಳಿಗೆ ಕೊಡುವಂತೆ ಮೇಲೊಂದು ಕುಬಸದ ಕಣ ಇಟ್ಟಳು. ಬೀಗರು ಟಂಟಂ ಗಾಡಿಯನ್ನೂ ಕರೆದುಬಿಟ್ಟರು.

ಗಾಡಿ ಹೊರಟಾಗ ಕಲ್ಲಣ್ಣ ಗೊಳೋ ಎಂದು ಅತ್ತ. ಮಗಳನ್ನು ಕಳಿಸುವಾಗಲೂ ಅಷ್ಟು ಅತ್ತಿರಲಿಲ್ಲ. ಮಂಜವ್ವ ಗಾಡಿ ನಿಲ್ಲಿಸಿ ತಲೆ ಹೊರಹಾಕಿದಳು.

"ಸಮಾಧಾನ ಮಾಡ್ಕೋರಿ ಬೀಗರ. ಏನರ ಹೇಳೂದಿದ್ರ ಹೇಳ್ರಿ."

"ಪಂಚಮಿ ಹಬ್ಬಕ್ಕ... ತವರಮನಿಗೆ ಕಳಸ್ರಿ," ಎಂದು ಬಿಕ್ಕಿದ ಕಲ್ಲಣ್ಣ.

"ಅಯ್ಯ, ಅದನ್ನೇನ ಕೇಳತೀರಿ! ಅನುರಾಧಾನ್ನ ಕಳಸದನ ಇರತೇವೇನ್ರಿ?"

ಕಲ್ಲಣ್ಣ ಟವೆಲಿನಿಂದ ಮೂಗು ಒರೆಸಿಕೊಂಡ.

"ಅಕಿ ಹೆಂಗೂ ಬರ್ತಾಳ್ರಿ... ನಾ ಟಿವಿದು ಕೇಳಿದೆ!"