ಗಣಪಯ್ಯನ ದಿಣ್ಣೆಯ ಬಿಸಿಲು

ಗಣಪಯ್ಯ ಆವತ್ತು ಬಾಯಿ ಮುಚ್ಚಿಕೊಂಡು ಕಾಫಿ ಕುಡಿದಿದ್ದರೆ ಏನೂ ಆಗುತ್ತಿರಲಿಲ್ಲ. ಮುತ್ತಿನಕೊಪ್ಪದ ಹೋಟೆಲಿನಲ್ಲಿ, ನಾಲ್ಕು ಜನ ಕೇಳುವ ಹಾಗೆ, ಹೇಳಿಯೇಬಿಟ್ಟ.

"ಸೋಲಾರ್ ಕಂಪನಿಯವ್ರು ಮಿಷನ್ ಇಟ್ಟು ಅಳೆದು ನೋಡಿದಾರೆ ಮಾರಾಯ. ನನ್ನ ದಿಣ್ಣೆ ಮೇಲೆ ಬೀಳೋವಷ್ಟು ಬಿಸಿಲು ಇಡೀ ತಾಲ್ಲೂಕಲ್ಲೇ ಎಲ್ಲೂ ಇಲ್ವಂತೆ!"

ಪಾಪ, ಅವನ ತಪ್ಪೂ ಅಲ್ಲ. ಅಪ್ಪ ಪಾಲು ಮಾಡಿದಾಗ ತೋಟ, ಗದ್ದೆ, ಎದುರಿನ ವಿಶಾಲವಾದ ಹುಲ್ಲುಗಾವಲಿನ ಬ್ಯಾಣ ಎಲ್ಲ ಅಣ್ಣ ನಾರಾಯಣನಿಗೆ ಹೋಗಿ, ತಮ್ಮನಿಗೆ ಉಳಿದದ್ದು ತುಂಡು ಗದ್ದೆ ಮತ್ತು ಈ ಕಲ್ಲುದಿಣ್ಣೆ. ಮೇಯಲು ಹತ್ತಿದ ದನವೂ ಸುತ್ತ ಒಮ್ಮೆ ನೋಡಿ ಬೇಜಾರು ಮಾಡಿಕೊಂಡು ಇಳಿದುಹೋಗುವಂಥ ಜಾಗ. ಊರಿನವರು ಅವನನ್ನು 'ಬೋಳುದಿಣ್ಣೆ' ಎಂದೇ ಕರೆಯುತ್ತಿದ್ದರು. ಅಲ್ಲಿ ದೊಡ್ಡ ಸೋಲಾರ್ ಪ್ಲಾಂಟ್ ಬಂದರೆ ಒಂದು ಸಲವಾದರೂ ಅಣ್ಣನ ಎದುರು ತಲೆಯೆತ್ತಿ ನಿಲ್ಲಬಹುದೆಂಬುದು ಗಣಪಯ್ಯನ ಆಸೆ. ಅಷ್ಟೇ ಆಸೆ.

ಮರುದಿನ ಬೆಳಿಗ್ಗೆ ಕಂಪನಿಯ ಇಂಜಿನಿಯರ್ ಕೃತಿಕಾ ಫೋನ್ ಮಾಡಿದಳು.

"ಸರ್, ಮಧ್ಯಾಹ್ನ ಕೊನೇ ಇನ್‌ಸ್ಪೆಕ್ಷನ್. ಜಾಗ ಯಾರೂ ಬಳಸದೆ ಖಾಲಿ ಇರಬೇಕು. ಊರಿನವರ ತಕರಾರು ಇರಬಾರದು. ಇವೆರಡು ಸರಿ ಇದ್ರೆ ಮುಗೀತು."

"ನನ್ನ ದಿಣ್ಣೆನಾ ಮೇಡಂ? ಕಾಗೆ ಕೂಡ ಬಳಸಲ್ಲ, ಬನ್ನಿ."

ಫೋನಿಟ್ಟು ದಿಣ್ಣೆ ಹತ್ತಿ ನೋಡಿದರೆ ಕೂಲಿಯ ಸುಬ್ಬಿ ಚಾಪೆ ಹಾಸಿ ಬೇಯಿಸಿದ ಅಡಿಕೆ ಹರಡುತ್ತಿದ್ದಾಳೆ!

"ಎಂತ ಸುಬ್ಬಿ ಇದು?"

"ಅಡಕೆ ಅಯ್ಯ. ಮೋಡ ಹಾಕ್ಕಂಡು ಬೂಷ್ಟು ಹಿಡೀತಾ ಅದೆ. ನಿಮ್ ದಿಣ್ಣೆ ಬಿಸ್ಲು ಬಾಳ ಗಟ್ಟಿಯಂತಲ್ಲ, ಮಿಷನ್ನೇ ಹೇಳ್ತಂತಲ್ಲ."

ಗದರಲು ಬಾಯಿ ತೆರೆದ ಗಣಪಯ್ಯ ಹಾಗೇ ಮುಚ್ಚಿದ. ಗದರಿದರೆ ತಕರಾರು, ಬಿಟ್ಟರೆ ಬಳಕೆ. ಎತ್ತ ಹೋದರೂ ಗುಂಡಿ. "ಮಧ್ಯಾಹ್ನದೊಳಗೆ ತೆಗೆದುಬಿಡು ಮಾರಾಯ್ತಿ," ಎಂದು ಬೇಡಿಕೊಂಡ.

ಅವಳೇನೋ ತೆಗೆಯುತ್ತಿದ್ದಳು. ಆದರೆ ಕಾಫಿ ಹೋಟೆಲಿನ ಮಾತು ಪಕ್ಕದ ಕಡಹಿನಬೈಲಿನವರೆಗೂ ಮುಟ್ಟಿತ್ತು. ಪಾಲಾದಾಗಿನಿಂದ ನಾರಾಯಣನ ಬ್ಯಾಣದಲ್ಲಿ ಅಡಿಕೆ ಒಣಗಿಸುತ್ತಿದ್ದ ಊರೆಲ್ಲ ಚಾಪೆ ಸುತ್ತಿಕೊಂಡು ದಿಣ್ಣೆಗೆ ಬಂತು. ಪಿಕಪ್ ಬಂತು, ತಲೆಹೊರೆ ಬಂತು, ಹಪ್ಪಳ ಬಂತು, ಸಂಡಿಗೆ ಬಂತು. ಕೊನೆಗೆ ಹೆಂಡತಿ ವನಜಮ್ಮನೇ ಹಾಸಿಗೆ ಹೊತ್ತು ಬಂದಳು.

"ನೀನೂನಾ?"

"ಊರಿಗೆಲ್ಲ ಬಿಸಿಲು ಕೊಡ್ತೀರಿ. ಮನೆ ಹಾಸಿಗೆಗೆ ಇಲ್ವಾ?"

ಅಷ್ಟರಲ್ಲಿ ಏದುಸಿರು ಬಿಡುತ್ತ ಹತ್ತಿ ಬಂದವನು ಸ್ವತಃ ನಾರಾಯಣ. ಹಿಂದೆ ಆಳುಗಳ ತಲೆಯ ಮೇಲೆ ಅವನ ಅಡಿಕೆ.

"ಗಣಪು, ನಂಗೂ ಒಂಚೂರು ಜಾಗ ಇದೆಯೇನೋ?"

ಗಣಪಯ್ಯನ ಎದೆ ತುಂಬಿ ಬಂತು. ಅಣ್ಣ ತನ್ನನ್ನು ಏನನ್ನಾದರೂ ಕೇಳಿದ್ದು ಜೀವನದಲ್ಲೇ ಇದು ಮೊದಲು. ಇನ್‌ಸ್ಪೆಕ್ಷನ್ನು, ಕಂಪನಿ ಎಲ್ಲ ಒಂದು ಗಳಿಗೆ ಮರೆತೇಹೋಯಿತು. "ಬಾ ಅಣ್ಣಯ್ಯ, ಕೇಳೋದೆಂತ!" ಎಂದು ತಾನೇ ಬಗ್ಗಿ ಕಲ್ಲು ಸರಿಸಿ ಚಾಪೆ ಹಾಸಿಕೊಟ್ಟ. ಆ ಗಳಿಗೆಯ ಸಂತೋಷವನ್ನು ಯಾವ ಕಂಪನಿ ತಾನೇ ಕೊಟ್ಟೀತು?

ಸಂತೋಷ ಬಹಳ ಹೊತ್ತು ಇರಲಿಲ್ಲ. ನೆತ್ತಿಯ ಮೇಲೆ ಒಂದು ಮೋಡ ಬಂದದ್ದೇ ತಡ, ಎಲ್ಲರೂ ಹೋ ಎಂದು ಓಡಿ ಟಾರ್ಪಾಲು ಎಳೆದರು. ಅಡಿಕೆಗೆ, ಹಪ್ಪಳಕ್ಕೆ, ಹಾಸಿಗೆಗೆ. ಮೋಡ ದಾಟಿದ ಮೇಲೆ ಗಣಪಯ್ಯ ನೋಡುತ್ತಾನೆ, ಕಂಪನಿಯವರು ದಿಣ್ಣೆಯ ಮೇಲೇ ಬಿಟ್ಟುಹೋಗಿದ್ದ ಬಿಸಿಲು ಅಳೆಯುವ ಮಿಷನ್ನಿಗೂ ಟಾರ್ಪಾಲು ಹೊದೆಸಿ ಹಗ್ಗ ಬಿಗಿದಿದೆ!

"ನೆಂದು ಹಾಳಾದ್ರೆ ನಿಮ್ಗೆ ಬೈತಾರಲ್ಲ ಅಯ್ಯ, ಅದ್ಕೆ," ಎಂದಳು ಸುಬ್ಬಿ.

ಹಗ್ಗದ ಗಂಟು ಬಿಚ್ಚುತ್ತಿರುವಾಗಲೇ ಜೀಪು ಬಂತು. ಕೃತಿಕಾ ಇಳಿದು ದಿಣ್ಣೆಯನ್ನು ಈ ಕಡೆಯಿಂದ ಆ ಕಡೆಗೆ ನೋಡಿದಳು. ಕಾಲಿಡಲು ಜಾಗವಿರಲಿಲ್ಲ.

"ಕಾಗೇನೂ ಬಳಸಲ್ಲ ಅಂದ್ರಲ್ಲ ಸರ್?"

"ಇವತ್ತೊಂದು ದಿನ ಮೇಡಂ! ದೇವರಾಣೆ!"

ಅವಳು ಸುಬ್ಬಿಯ ಕಡೆ ತಿರುಗಿದಳು. "ಇಲ್ಲಿ ಪ್ಲಾಂಟ್ ಹಾಕಿದ್ರೆ ನಿಮಗೆ ತೊಂದರೆ ಆಗುತ್ತಾ?"

"ಆಗ್ದೆ ಇರ್ತದಾ ಅಮ್ಮ? ಈ ಬಿಸ್ಲನ್ನೂ ನೀವು ತಗಂಡೋದ್ರೆ ನಮ್ ಅಡಕೆ ಎಲ್ಲಿ ಒಣಗ್ಸದು?"

ಗಣಪಯ್ಯನಿಗೆ ಅಳುವೇ ಬಂತು. "ಅಲ್ವೇ ಮಾರಾಯ್ತಿ, ನಿನ್ನೆವರೆಗೂ ಎದುರಿನ ಬ್ಯಾಣದಲ್ಲಿ ಒಣಗಿಸ್ತಿರ್ಲಿಲ್ವಾ!" ಎಂದು ಕೈ ತೋರಿಸಿದ.

ತೋರಿಸಬಾರದಿತ್ತು. ಕೃತಿಕಾ ಅತ್ತ ನೋಡಿದಳು. ಒಂದು ಚಾಪೆಯಿಲ್ಲದ, ಒಂದು ನರಪಿಳ್ಳೆಯಿಲ್ಲದ ಬ್ಯಾಣ ಹಾಯಾಗಿ ಬಿಸಿಲಿಗೆ ಮೈಚಾಚಿ ಮಲಗಿತ್ತು.

"ಆ ಖಾಲಿ ಜಾಗ ಯಾರದು?"

"ನಂದೇ," ಎಂದ ನಾರಾಯಣ.

"ಅಲ್ಲಿ ಪ್ಲಾಂಟ್ ಬಂದ್ರೆ ನಿಮಗೆಲ್ಲ ಏನಾದ್ರೂ ತಕರಾರು ಇದೆಯಾ?"

"ನಮ್ದೆಂತ ತಕರಾರು!" ಊರಿಗೆ ಊರೇ ಒಂದೇ ದನಿಯಲ್ಲಿ ಹೇಳಿತು. "ನಮಗೆ ಗಣಪಯ್ಯನ ದಿಣ್ಣೆ ಇದೆಯಲ್ಲ."

"ಮೇಡಂ, ಆದ್ರೆ ಬಿಸಿಲು? ನನ್ನಲ್ಲಿರೋ ಬಿಸಿಲು..." ಗಣಪಯ್ಯ ಮಿಷನ್ನಿನ ಕಡೆ ಕೈ ಮಾಡಿದ.

"ಕೂಗಿದ್ರೆ ಕೇಳೋವಷ್ಟು ಹತ್ತಿರ ಇದೆ ಸರ್. ಅಲ್ಲೂ ಇದೇ ಬಿಸಿಲು," ಎಂದಳು ಕೃತಿಕಾ, ಮೆಲ್ಲಗೆ.

ಮಿಷನ್ ಜೀಪು ಹತ್ತಿತು. ಬ್ಯಾಣ ತೋರಿಸಲು ನಾರಾಯಣನೂ ಹತ್ತಿದ. ಹತ್ತಿದವನು ಏನೋ ನೆನಪಾಗಿ ತಲೆ ಹೊರಹಾಕಿದ.

"ಗಣಪು, ಬ್ಯಾಣ ಕೊಟ್ಟ ಮೇಲೆ ಇನ್ನು ವರ್ಷ ವರ್ಷವೂ ನನ್ನ ಅಡಿಕೆ ನಿನ್ನ ಹತ್ರಾನೇ ಬರಬೇಕಲ್ಲೋ. ಬೇಡ ಅನ್ನಲ್ಲ ತಾನೆ?"

ಅಣ್ಣ ಅವನನ್ನು ಕೇಳಿದ್ದು ಇದು ಎರಡನೆಯ ಸಲ.

"ಎಂತ ಬೇಡ ಅನ್ನೋದು ಅಣ್ಣಯ್ಯ," ಎಂದ ಗಣಪಯ್ಯ. ಜೀಪು ಹೋದ ಮೇಲೆ ವನಜಮ್ಮನ ಹಾಸಿಗೆಯನ್ನು ಪಕ್ಕಕ್ಕೆ ಎಳೆದು, ಅಣ್ಣನ ಅಡಿಕೆಯನ್ನು ಇನ್ನಷ್ಟು ತೆಳ್ಳಗೆ ಹರಡಿದ.