ಟೈಲರ್ ಕೊಟ್ಟ ದಪ್ಪ ಕವರು

ಟೈಲರ್ ಅಂಗಡಿಯ ಮೆಟ್ಟಿಲಿಗೆ ಸರಿಯಾಗಿ ಬೀದಿಯಲ್ಲೊಂದು ಗುಂಡಿ ಬಿದ್ದಿತ್ತು. ಮೊದಮೊದಲು ಅದರಿಂದ ವ್ಯಾಪಾರಕ್ಕೆ ಒಳ್ಳೆಯದೇ ಆಯಿತು. ಬಿದ್ದವರು ಎದ್ದು, ಮಂಡಿ ಹರಿದ ಪ್ಯಾಂಟಿಗೆ ತೇಪೆ ಹಾಕಿಸಲು ನೇರವಾಗಿ ಒಳಗೇ ಬರುತ್ತಿದ್ದರು. ಆಮೇಲೆ, ಗುಂಡಿ ತೋಡಿದ್ದೇ ಟೈಲರ್ ಎಂದು ಯಾರೋ ಗಾಳಿಸುದ್ದಿ ಹಬ್ಬಿಸಿದರು. ಗಿರಾಕಿಗಳು ಪಕ್ಕದ ಬೀದಿಯ ಅಂಗಡಿ ಹಿಡಿದರು. ಪಾಪ, ಗಿಡ ನೆಡಲೂ ಗುದ್ದಲಿ ಹಿಡಿಯದ ಮನುಷ್ಯ ಆತ.

"ರೀ, ಪುರಸಭೆಗೆ ಒಂದು ಅರ್ಜಿ ಕೊಟ್ಟು ಬನ್ನಿ," ಅಂದಳು ಹೆಂಡತಿ ಬೆಳಿಗ್ಗೆ. "ಬರೀ ಅರ್ಜಿ ಕೊಟ್ರೆ ಯಾರು ನೋಡ್ತಾರೆ? ಜೊತೆಗೆ ಸಾಕ್ಷಿ ಇಡಿ."

ಸಾಕ್ಷಿಗೆ ಬರವಿರಲಿಲ್ಲ. ತೇಪೆ ಹಾಕುವಾಗ ಕತ್ತರಿಸಿ ತೆಗೆದ ಮಂಡಿಯ ಚೂರುಗಳೆಲ್ಲ ಮಿಷನ್ನಿನ ಕೆಳಗಿನ ಡಬ್ಬದಲ್ಲಿದ್ದವು. ಟೈಲರ್ ಅವಕ್ಕೆ ಇಸ್ತ್ರಿ ಹಾಕಿ, ಒಪ್ಪವಾಗಿ ಮಡಿಸಿ, ಅರ್ಜಿಯೊಂದಿಗೆ ಕವರಿಗೆ ತುರುಕಿ ಅಂಟಿಸಿದ. ಮೇಲೆ "ನಮ್ಮ ಬೀದಿಯ ಗುಂಡಿ" ಎಂದು ಬರೆದು, ಕೆಳಗೆ ಅಂಗಡಿಯ ವಿಳಾಸ ಹಾಕಿದ. ಪುರಸಭೆ ಅಧ್ಯಕ್ಷರ ಕೋಣೆಯ ಹೊರಗೆ ಒಂದು ತಟ್ಟೆಯಲ್ಲಿ ಬೇರೆ ಕವರುಗಳೂ ಇದ್ದವು. ತನ್ನದನ್ನೂ ಅಲ್ಲೇ ಇಟ್ಟು ನಿಶ್ಚಿಂತೆಯಿಂದ ಮರಳಿದ.

ಆ ತಟ್ಟೆಯ ಪದ್ಧತಿ ಅವನಿಗೆ ತಿಳಿದಿರಲಿಲ್ಲ. ಗುತ್ತಿಗೆ ಬೇಕಾದವರು ಕವರಿನ ಮೇಲೆ ಕೆಲಸದ ಹೆಸರು ಬರೆದು, ಒಳಗೆ ಅಧ್ಯಕ್ಷರ ಚುನಾವಣಾ ನಿಧಿಗೆ ದೇಣಿಗೆ ಇಟ್ಟು ಹೋಗುತ್ತಿದ್ದರು. ಪುರಸಭೆಯ ಇಂಜಿನಿಯರ್ ಅವನ್ನು ಬಿಚ್ಚುತ್ತಿರಲಿಲ್ಲ. ಕಚೇರಿಯಲ್ಲಿ ಬಿಚ್ಚಿದರೆ ಅದು ಲಂಚ, ಬಿಚ್ಚದಿದ್ದರೆ ಅಭಿಮಾನ. ಬೆರಳಿನಿಂದ ಒತ್ತಿ ನೋಡಿ, ದಪ್ಪನೆಯ ಕವರಿಗೆ ಕೆಲಸ ಕೊಡುತ್ತಿದ್ದರು. ಕೊಟ್ಟವನು ಕೋಡಂಗಿ ಎಂಬ ಗಾದೆ ಆ ಕಟ್ಟಡದೊಳಗೆ ನಡೆಯುತ್ತಿರಲಿಲ್ಲ.

ಮಧ್ಯಾಹ್ನ ಇಂಜಿನಿಯರ್ ಸ್ವತಃ ಗುಂಡಿ ಹಾರಿ ಅಂಗಡಿಗೆ ಬಂದರು.

"ಸದ್ದಿಲ್ದೇ ಇದ್ರಿ, ಇಷ್ಟು ದೊಡ್ಡ ಮನಸ್ಸು ಅಂತ ಗೊತ್ತೇ ಇರ್ಲಿಲ್ಲ! ತಗೊಳ್ಳಿ, ಗುತ್ತಿಗೆ ಪತ್ರ. ಗುಂಡಿ ಮುಚ್ಚೋದು, ಬೀದಿಗೆ ಹೊಸ ರಸ್ತೆ ಹಾಕೋದು, ಎಲ್ಲಾ ನಿಮಗೇ."

ಟೈಲರ್ ಕಾಗದ ನೋಡಿದ. "ಸಾರ್, ನಾನು ಬಟ್ಟೆ ಹೊಲಿಯೋನು!"

"ರಸ್ತೆನೂ ತೇಪೆ ಕೆಲಸವೇ."

"ಟೆಂಡರ್ ಕರೀಬೇಕಲ್ವಾ ಸಾರ್?"

"ತುರ್ತು ಕೆಲಸಕ್ಕೆ ಟೆಂಡರ್ ಯಾಕೆ?"

"ಗುಂಡಿ ಬಿದ್ದು ಎರಡು ವರ್ಷ ಆಯ್ತು."

"ಅದಕ್ಕೇ ಈಗ ತುರ್ತು," ಎಂದು ಇಂಜಿನಿಯರ್ ಮತ್ತೆ ಗುಂಡಿ ಹಾರಿ ಹೊರಟುಹೋದರು.

ಪಕ್ಕದ ಮೆಡಿಕಲ್ ಶಾಪಿನವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಊರ ಉಸಾಬರಿಯೆಲ್ಲ ಅವರಿಗೇ ಬೇಕು. ತಟ್ಟೆಯ ಪದ್ಧತಿಯನ್ನು ವಿವರಿಸಿ, "ಎಷ್ಟು ಇಟ್ಟಿದ್ರಿ?" ಎಂದು ಪಿಸುಗುಟ್ಟಿದರು.

"ಪ್ಯಾಂಟಿನ ಚೂರು!"

ಮೆಡಿಕಲ್ ಶಾಪಿನವರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಅಯ್ಯೋ ಮಾರಾಯರೇ! ಸಂಜೆ ಅಧ್ಯಕ್ಷರು ಮನೇಲಿ ಕವರು ಬಿಚ್ತಾರೆ. ನಿಮ್ಮ ಅಂಗಡಿ ಪುರಸಭೆದು. ಕರಾರು ಈ ತಿಂಗಳಿಗೆ ಮುಗಿಯತ್ತೆ. ಸೈನ್ ಹಾಕೋರು ಯಾರು? ಅವರೇ!"

ಟೈಲರ್‌ಗೆ ಇದೊಂದು ಅಂಗಡಿ ಹೋದರೆ ಹೊಟ್ಟೆಪಾಡಿಗೆ ಬೇರೆ ದಾರಿಯಿಲ್ಲ. ಬೇಲಿಯ ಮೇಲೆ ಹೋಗುತ್ತಿದ್ದ ಓತಿಕ್ಯಾತವನ್ನು ಕರೆದು ಕಿವಿಯೊಳಗೆ ಬಿಟ್ಟುಕೊಂಡ ಹಾಗಾಗಿತ್ತು.

ಅಷ್ಟರಲ್ಲಿ ಜಲ್ಲಿಯಣ್ಣ ಬಂದ. ಊರಿನ ರಸ್ತೆಗಳೆಲ್ಲ ಅವನ ಗುತ್ತಿಗೆ, ಗುಂಡಿಗಳೂ ಅವನವೇ.

"ನನ್ನ ಹೊಟ್ಟೆ ಮೇಲೆ ಹೊಡೀತೀಯಾ? ಏನಿಟ್ಟಿದ್ದೆ ಕವರಲ್ಲಿ?"

"ಮಂಡಿ ಚೂರು, ಅಣ್ಣಾ. ದಮ್ಮಯ್ಯ, ಗುತ್ತಿಗೆ ನೀವೇ ತಗೊಳ್ಳಿ."

"ಹೇಳೋಕೆ ಇಷ್ಟ ಇಲ್ದಿದ್ರೆ ಬಿಡು, ತಮಾಷೆ ಮಾಡ್ಬೇಡ. ನನ್ನ ಕವರಿಗಿಂತ ದಪ್ಪ ಅಂತೆ! ನೋಡ್ಕೋತೀನಿ," ಎಂದು ಅವನು ಹಲ್ಲು ಕಡಿದು ಹೋದ.

ಟೈಲರ್ ಪುರಸಭೆಗೆ ಓಡಿದ. ಕವರುಗಳು ಆಗಲೇ ಅಧ್ಯಕ್ಷರ ಮನೆ ಸೇರಿದ್ದವು. ಮನೆಗೆ ಓಡಿದ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗಿನ ಮೇಜು ಕಾಣಿಸಿತು. ಅದರ ಮೇಲೆ ಕಂದು, ಕಪ್ಪು, ನೀಲಿ ಮಂಡಿಗಳನ್ನು ಸಾಲಾಗಿ ಹರಡಿ, ಅಧ್ಯಕ್ಷರು ಅವನ್ನೇ ದಿಟ್ಟಿಸುತ್ತಿದ್ದರು.

"ತಪ್ಪಾಯ್ತು ಬುದ್ಧೀ," ಎಂದು ಟೈಲರ್ ಕೈ ಮುಗಿದ. "ಒಂದು ಪೈಸೆನೂ ಇಟ್ಟಿರಲಿಲ್ಲ."

ಅಧ್ಯಕ್ಷರು ಎದ್ದು ಬಂದು ಅವನನ್ನು ಗಟ್ಟಿಯಾಗಿ ಅಪ್ಪಿಕೊಂಡರು.

"ದೇವರು ಬಂದ ಹಾಗೆ ಬಂದ್ರಿ! ದೇಣಿಗೆ ಕೊಟ್ಟೋರಿಗೆ ಮಾತ್ರ ಗುತ್ತಿಗೆ ಅಂತ ನನ್ನ ಮೇಲೆ ದೂರು ಹೋಗಿದೆ. ನಾಳೆ ತನಿಖೆಯವರು ಬರ್ತಾರೆ. ಏನೂ ಕೊಡದೇ ಗುತ್ತಿಗೆ ಸಿಕ್ಕಿದೋರು ಇಡೀ ಊರಲ್ಲಿ ನೀವೊಬ್ರೇ. ನಿಮ್ಮನ್ನೇ ಮುಂದೆ ನಿಲ್ಲಿಸ್ತೀನಿ!"

ಟೈಲರ್‌ಗೆ ಹೋದ ಜೀವ ಬಂತು. "ಹಾಗಾದ್ರೆ ಅಂಗಡಿ ಕರಾರು?"

"ಈಗಲೇ ಸೈನ್ ಹಾಕ್ತೀನಿ."

"ಗುಂಡಿ ನಾಳೆನೇ ಮುಚ್ಚಿಸ್ಬಿಡ್ಲಾ?"

"ಮುಟ್ಟಿದ್ರೆ ಕೆಟ್ರಿ! ಗುಂಡಿ ಈಗ ಸಾಕ್ಷಿ. ತನಿಖೆ ಮುಗಿಯೋ ತನಕ ಒಂದು ಹಿಡಿ ಮಣ್ಣೂ ಹಾಕೋ ಹಾಗಿಲ್ಲ. ದುಡ್ಡೂ ಬಿಡುಗಡೆ ಆಗಲ್ಲ."

"ತನಿಖೆ ಯಾವಾಗ ಮುಗಿಯತ್ತೆ?"

"ನನಗಿಂತ ಮುಂಚೆ ಇದ್ದ ಅಧ್ಯಕ್ಷರದ್ದೇ ಇನ್ನೂ ನಡೀತಿದೆ."

"ಗುತ್ತಿಗೆನೇ ಬೇಡ ಅಂದ್ರೆ, ಬುದ್ಧೀ?"

"ಅಂಗಡಿನೂ ಬೇಡ ಅಂದ ಹಾಗೆ," ಎಂದು ಅಧ್ಯಕ್ಷರು ಪ್ರೀತಿಯಿಂದಲೇ ಬೆನ್ನು ತಟ್ಟಿದರು.

ಸಂಜೆಗತ್ತಲಲ್ಲಿ ಟೈಲರ್ ಕರಾರು ಪತ್ರ ಎದೆಗೊತ್ತಿಕೊಂಡು ಮರಳಿದ. ದೂರದಿಂದಲೇ ಅಂಗಡಿಯ ಮುಂದೆ ಜನ ಸಾಲು ನಿಂತಿರುವುದು ಕಂಡಿತು. ಬಿಟ್ಟುಹೋಗಿದ್ದ ಗಿರಾಕಿಗಳೆಲ್ಲ ವಾಪಸ್ ಬಂದಿದ್ದರು. ಅವನಿಗೆ ಅಳುವೇ ಬಂತು, ಸಂತೋಷಕ್ಕೆ.

"ಓ, ಗುತ್ತಿಗೆದಾರರು ಬಂದ್ರು!" ಎಂದು ಯಾರೋ ಕೂಗಿದರು.

ಸಾಲಿನ ಮೊದಲಿಗರಾಗಿದ್ದ ಮೆಡಿಕಲ್ ಶಾಪಿನವರು ಕಾಲು ಮುಂದೆ ಚಾಚಿದರು. ಪ್ಯಾಂಟಿನ ಮಂಡಿ ಹರಿದು ಜೋತಾಡುತ್ತಿತ್ತು.

"ಈಗಷ್ಟೇ ಬಿದ್ದೆ. ಗುಂಡಿ ನಿಮ್ದು, ಸೂಜಿನೂ ನಿಮ್ದೇ. ಬಿಟ್ಟಿಯಾಗಿ ಹೊಲಿದುಕೊಡಿ."

"ನಮಗೂ ಹಾಗೇ," ಎಂದಿತು ಸಾಲು. "ಮುಂಚೆ ತೇಪೆಗೆ ಕೊಟ್ಟ ದುಡ್ಡೂ ವಾಪಸ್ ಬೇಕು."

ಟೈಲರ್ ಮಿಷನ್ನಿನ ಮುಂದೆ ಕುಳಿತು ಕತ್ತರಿ ಎತ್ತಿಕೊಂಡ. ಹೆಂಡತಿ ಖಾಲಿ ಡಬ್ಬವನ್ನು ಅವನ ಕಾಲ ಬಳಿ ತಳ್ಳಿದಳು.

"ರೀ, ಚೂರುಗಳನ್ನ ಎಸೀಬೇಡಿ. ಮುಂದಿನ ಅರ್ಜಿಗೆ ಬೇಕಾಗತ್ತೆ."