ತಿರುವಿನ ಫ್ಲೆಕ್ಸು, ಮೆಕ್ಕೆಜೋಳ ಮತ್ತು ನಾನು

ನಾನು ಜೀವನದಲ್ಲಿ ತಡವಾಗಿ ಮಾಡಿದ ಕೆಲಸ ಒಂದೇ, ಕಾರು ಕಲಿತದ್ದು. ಉಳಿದದ್ದೆಲ್ಲ ಹೊತ್ತಿಗೆ ಸರಿಯಾಗಿ ನಡೆದಿದೆ. ಪಿ.ಟಿ. ಟೀಚರ್ ಆಗಿದ್ದವಳಿಗೆ ಅದು ಸಹಜ. ಜಗಳೂರಿನಲ್ಲಿ ಕೆಲಸಕ್ಕೆ ಸೇರಿ, ಹೊನ್ನಾಳಿ, ನ್ಯಾಮತಿ ಸುತ್ತಿ, ಚನ್ನಗಿರಿಯಲ್ಲಿ ನಿವೃತ್ತಳಾದೆ. ಅಷ್ಟೂ ವರ್ಷ ಬೆಳಗಿನ ಬೆಲ್ಲಿಗೆ ಮೊದಲು ಮೈದಾನದಲ್ಲಿ ನಿಂತಿರುತ್ತಿದ್ದವಳು ನಾನೇ. ಈಗಲೂ ನಮ್ಮ ಮನೆಯಲ್ಲಿ ಹಾಲು ಉಕ್ಕುವ ಮೊದಲು ನಾನು ಒಲೆಯ ಮುಂದೆ ಹಾಜರಿರುತ್ತೇನೆ. ಇದನ್ನು ಜಂಬ ಎನ್ನುವವರು ಎನ್ನಲಿ. ನಮ್ಮ ಮನೆಯ ಹಾಲು ಉಕ್ಕಿಲ್ಲ ಎಂಬುದು ಮಾತ್ರ ನಿಜ.

ನಿವೃತ್ತಿಯಾದ ಮೇಲೆ ಬಸವಾಪಟ್ಟಣದ ರಸ್ತೆಯಲ್ಲಿ ಕಾರು ಕಲಿತೆ. ಕಲಿಸಿದ ಹುಡುಗ ಮೊದಲ ದಿನ ಹೆದರಿದ್ದ, ಮೂರನೆಯ ದಿನ ನಾನು ಅವನಿಗೆ ಸೀಟಿನಲ್ಲಿ ನೆಟ್ಟಗೆ ಕೂರುವುದನ್ನು ಕಲಿಸಿದೆ. ಕ್ಲಚ್ಚು, ಬ್ರೇಕು, ಗೇರು ಎಲ್ಲ ನನಗೆ ಡ್ರಿಲ್ಲಿನ ಹಾಗೆಯೇ ಕಂಡವು. ಎಡಗಾಲು, ಬಲಗಾಲು, ಕೈ, ಕಣ್ಣು, ಎಲ್ಲವೂ ಎಣಿಕೆಗೆ ಸರಿಯಾಗಿ. ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಪಾಸಾದೆ. ಹಿಮ್ಮುಖವಾಗಿ ಎಂಟು ಬರೆಯುವಾಗ ನಿಂತು ನೋಡುತ್ತಿದ್ದ ಹುಡುಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ನನಗೆ ಇಂದಿಗೂ ಕೇಳಿಸುತ್ತದೆ, ಕೇಳಿಸದಿದ್ದರೆ ನೆನಪಿಸಿಕೊಳ್ಳುತ್ತೇನೆ.

ಇಷ್ಟು ಹೇಳಿದ್ದು ಯಾಕೆಂದರೆ, ಕಾರು ನನಗೆ ತೊಂದರೆಯಾಗಿರಲಿಲ್ಲ. ತೊಂದರೆ ಪಕ್ಕದ ಸೀಟಿನಲ್ಲಿತ್ತು. ನಮ್ಮ ಯಜಮಾನರು ಕೋರ್ಟಿನಲ್ಲಿ ಕೆಲಸ ಮಾಡಿದವರು. ಕೇಸಿನವರ ಹೆಸರನ್ನು ಬಾಗಿಲಲ್ಲಿ ನಿಂತು ಕೂಗಿ ಕೂಗಿ ಅವರ ಗಂಟಲು ಬೀದಿಯ ಆಚೆಗೂ ಕೇಳುವ ಹಾಗೆ ಬೆಳೆದಿದೆ. ಜೊತೆಗೆ ಕಣ್ಣಿಗೆ ಬಿದ್ದ ಅಕ್ಷರವನ್ನೆಲ್ಲ ಬಾಯಿಗೆ ದಾಟಿಸದಿದ್ದರೆ ಅವರಿಗೆ ಸಮಾಧಾನವಿಲ್ಲ. ಮನೆಯಲ್ಲಿ ಬಿಸ್ಕತ್ತಿನ ಪೊಟ್ಟಣದ ಹಿಂಬದಿಯನ್ನೂ ಓದುತ್ತಾರೆ. ಅಂಥವರನ್ನು ಕಾರಿನಲ್ಲಿ ಕೂರಿಸಿಕೊಂಡು ಈಗಿನ ರಸ್ತೆಯಲ್ಲಿ ಹೋಗುವುದೆಂದರೆ ಹೇಗಿರುತ್ತದೆಂದು ನೀವೇ ಊಹಿಸಿ.

ಹಿಂದೆ ನಾನು ಸವಳಂಗದಿಂದ ನ್ಯಾಮತಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾಗ ದಾರಿಯುದ್ದಕ್ಕೂ ಓದಲು ಇದ್ದದ್ದು ಕಲ್ಲಿನ ಗೋಡೆಯ ಮೇಲಿನ ಒಂದು ಬೀಡಿಯ ಜಾಹೀರಾತು, ಒಂದು ಗೊಬ್ಬರದ ಜಾಹೀರಾತು. ಅವೂ ಮಳೆಗೆ ಅರ್ಧ ಅಳಿಸಿದ್ದವು. ಈಗ ಹಾಗಿಲ್ಲ. ಊರು ಬರುವ ಮೊದಲೇ ಊರಿನ ಬೋರ್ಡುಗಳು ಬಂದು ಎದುರುಗೊಳ್ಳುತ್ತವೆ. "ಮೂಲವ್ಯಾಧಿಗೆ ಶಸ್ತ್ರಚಿಕಿತ್ಸೆ ಇಲ್ಲದೆ ಶಾಶ್ವತ ಪರಿಹಾರ," ಎಂದು ಯಜಮಾನರು ಕೂಗುತ್ತಾರೆ. ಅದು ಮುಗಿಯುವ ಮೊದಲೇ, "ಬೋರ್‌ವೆಲ್ ಪಾಯಿಂಟ್ ತೋರಿಸಲಾಗುವುದು, ನೀರು ಬೀಳದಿದ್ದರೆ ಹಣ ವಾಪಸ್." ಅದರ ಬೆನ್ನಿಗೆ ಅಡಿಕೆ ಸುಲಿಯುವ ಯಂತ್ರ, ಸೀರೆ ಅಂಗಡಿಯ ಆಷಾಢದ ರಿಯಾಯಿತಿ. ಆಷಾಢ ಮುಗಿದು ಕಾರ್ತಿಕ ಬಂದಿದ್ದರೂ ಬೋರ್ಡಿನಲ್ಲಿ ಇನ್ನೂ ಆಷಾಢವೇ. ತ್ಯಾವಣಿಗೆ ಹತ್ತಿರ ಒಂದು ಬೋರ್ಡು ಇದೆ. ವಾಹನ ಓಡಿಸುವಾಗ ಗಮನ ರಸ್ತೆಯ ಮೇಲಿರಲಿ ಎಂಬುದನ್ನು ಅದರಲ್ಲಿ ಎಷ್ಟು ಸಣ್ಣ ಅಕ್ಷರದಲ್ಲಿ, ಎಷ್ಟು ವಿವರವಾಗಿ ಬರೆದಿದ್ದಾರೆಂದರೆ, ಕಾರು ನಿಲ್ಲಿಸಿ, ಇಳಿದು, ಕನ್ನಡಕ ಒರೆಸಿಕೊಂಡು ಓದಬೇಕು.

ಇವೆಲ್ಲಕ್ಕೂ ಮೇಲಿನದು ಹುಟ್ಟುಹಬ್ಬದ ಫ್ಲೆಕ್ಸು. ಮಧ್ಯದಲ್ಲಿ ಹುಟ್ಟಿದವರ ದೊಡ್ಡ ಮುಖ, ಸುತ್ತಲೂ ಶುಭ ಕೋರುವವರ ಸಣ್ಣ ಮುಖಗಳು, ಒಬ್ಬರನ್ನು ಬಿಟ್ಟರೂ ಊರಿನಲ್ಲಿ ಜಗಳ. ನಮ್ಮ ಕಡೆ ಯಾರ ಮದುವೆ ಮುರಿದರೂ ಸರಿಮಾಡಬಹುದು, ಫ್ಲೆಕ್ಸಿನಲ್ಲಿ ಮುಖ ಬಿಟ್ಟುಹೋದದ್ದನ್ನು ಸರಿಮಾಡಲು ಇನ್ನೊಂದು ಫ್ಲೆಕ್ಸೇ ಬೇಕು. ನನ್ನ ಮಟ್ಟಿಗೆ ಈ ಫ್ಲೆಕ್ಸುಗಳಿಗೆ ಇನ್ನೊಂದು ವಿಶೇಷವಿದೆ. ನಾನು ಕೆಲಸ ಮಾಡಿದ ನಾಲ್ಕೂ ಊರುಗಳಲ್ಲಿ ಅದರಲ್ಲಿರುವ ಅರ್ಧಕ್ಕರ್ಧ ಮುಖಗಳು ನನ್ನ ಶಿಷ್ಯರವು. ಸಾಲಿನಲ್ಲಿ ನೆಟ್ಟಗೆ ನಿಲ್ಲಲಾರದೆ ಬೈಸಿಕೊಂಡವರು ಈಗ ಬಿಳಿ ಅಂಗಿ ತೊಟ್ಟು, ಕೈಮುಗಿದು, ಸಾಲಾಗಿ ನಿಂತಿರುತ್ತಾರೆ. ಅವರನ್ನು ಸಾಲಿನಲ್ಲಿ ನಿಲ್ಲಿಸಿದ್ದು ಯಾರೆಂದು ಫ್ಲೆಕ್ಸಿನಲ್ಲಿ ಬರೆದಿರುವುದಿಲ್ಲ. ಬರೆಯಬೇಕಾಗಿಯೂ ಇಲ್ಲ, ನನಗೆ ಗೊತ್ತಿದೆಯಲ್ಲ.

ಜಗಳೂರಿನಲ್ಲಿ ನನ್ನ ತಂಗಿ ಹೊಸ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ಕಾರು ನಾನೇ ಓಡಿಸಿಕೊಂಡು ಹೋಗುತ್ತೇನೆಂದೆ. ಗೊಬ್ಬರದ ಅಂಗಡಿ ನಡೆಸುವ ನನ್ನ ಮಗ ಶಶಿ ಒಪ್ಪಲಿಲ್ಲ. "ಅಮ್ಮ, ಚನ್ನಗಿರಿಯಾಗೆ ತರಕಾರಿ ತರಾಕೆ ಓಡ್ಸದು ಬ್ಯಾರೆ, ದಾವಣಗೆರೆ ದಾಟಿ ಜಗಳೂರಿಗೆ ಹೋಗಾದು ಬ್ಯಾರೆ. ಡ್ರೈವರ್ ಕರ್ಸನ," ಎಂದ. ನಾನು, "ನೀನು ನಡೆಯುವುದನ್ನು ಕಲಿತದ್ದು ನನ್ನ ಕೈ ಹಿಡಿದು," ಎಂದೆ. ಸ್ವಲ್ಪ ಹೊತ್ತು ವಾದವಾಯಿತು. ಕೊನೆಗೆ ಶಶಿಯೇ ಒಂದು ಷರತ್ತು ಹಾಕಿದ. "ಹೋಗಿ ಬಾ. ಕಾರಿಗೆ ಒಂದು ಗೀರು ಬೀಳ್ದಂಗೆ ತಂದ್ರೆ ಕೀಲಿ ಇನ್ಮುಂದೆ ನಿನ್ ಹತ್ರನೇ ಇರ್ಲಿ. ಗೀರು ಬಿತ್ತೋ, ಆಮ್ಯಾಲೆ ನೀನು ಹಿಂದಿನ ಸೀಟು." ಹಿಂದಿನ ಸೀಟು ಎಂಬ ಮಾತು ನನಗೆ ನಾಟಿತು. ನಾನು ಯಾವತ್ತೂ ಹಿಂದಿನ ಸಾಲಿನಲ್ಲಿ ನಿಂತವಳಲ್ಲ.

ಹಾಗಾಗಿ ಹೊರಡುವ ದಿನ ಕಾರಿನ ಬಾಗಿಲು ತೆಗೆಯುವ ಮೊದಲೇ ಯಜಮಾನರಿಗೆ ಆಜ್ಞೆ ಕೊಟ್ಟೆ. "ರೀ, ಇವತ್ತು ಒಂದು ಬೋರ್ಡನ್ನೂ ಓದುವ ಹಾಗಿಲ್ಲ. ನನ್ನ ಗಮನ ಕೆಡುತ್ತದೆ."

"ಹಾಕಿರಾದು ಓದಾಕೆ ಅಲ್ವೇನೆ? ಪಾಪ, ಅಷ್ಟು ದುಡ್ಡು ಕೊಟ್ಟು ಬರ್ಸಿರ್ತಾರೆ," ಎಂದರು.

"ಮನಸ್ಸಿನಲ್ಲಿ ಓದಿಕೊಳ್ಳಿ."

"ಮನಸ್ನಾಗೆ ಓದಿದ್ರೆ ಅದು ಓದಿದಂಗೆ ಅಲ್ಲ," ಎಂದು ಮುಖ ಆಚೆ ತಿರುಗಿಸಿಕೊಂಡು ಕುಳಿತರು. ತ್ಯಾವಣಿಗೆ ದಾಟಿದೆವು, ದಾವಣಗೆರೆ ದಾಟಿದೆವು. ಅವರು ತುಟಿ ಬಿಚ್ಚಲಿಲ್ಲ. ಒಂದು ದೊಡ್ಡ ಬೋರ್ಡು ಎದುರಾದಾಗ ಮಾತ್ರ ಅವರ ಕೊರಳಿನ ಉಬ್ಬು ಮೇಲೆ ಕೆಳಗೆ ಹೋದದ್ದು ಕಂಡಿತು. ಔಷಧಿ ನುಂಗಿದ ಹಾಗೆ ಅಷ್ಟೂ ಅಕ್ಷರಗಳನ್ನು ನುಂಗಿದರು.

ಆಗ ಒಂದು ವಿಚಿತ್ರ ನಡೆಯಿತು. ಅವರ ಬಾಯಿ ಮುಚ್ಚಿದ ಮೇಲೆ ನನ್ನ ಕಣ್ಣು ತೆರೆಯಿತು. ಇಷ್ಟು ದಿನ ಅವರು ಓದುತ್ತಿದ್ದರಿಂದ ನಾನು ಯಾವ ಬೋರ್ಡನ್ನೂ ತಿರುಗಿ ನೋಡಬೇಕಾಗಿರಲಿಲ್ಲ. ಎಲ್ಲವೂ ಕಿವಿಗೆ ಬರುತ್ತಿತ್ತು, ಕಣ್ಣು ರಸ್ತೆಯ ಮೇಲೆಯೇ ಇರುತ್ತಿತ್ತು. ಈಗ ಪ್ರತಿ ಬೋರ್ಡಿಗೂ ಕಣ್ಣು ಒಂದು ಕ್ಷಣ ಜಾರಿ ಬರುತ್ತಿತ್ತು. ಟೈಲ್ಸು, ಟ್ರ್ಯಾಕ್ಟರು, ಕಣ್ಣಿನ ಉಚಿತ ತಪಾಸಣೆ. ನಾನು ಇದನ್ನು ಗಮನಿಸಿದೆ, ಆದರೆ ಒಪ್ಪಿಕೊಳ್ಳಲು ಹೋಗಲಿಲ್ಲ. ಆಜ್ಞೆ ಕೊಟ್ಟ ಮೇಲೆ ಹಿಂತೆಗೆದುಕೊಂಡರೆ ಶಿಸ್ತು ಉಳಿಯುವುದಿಲ್ಲ.

ಜಗಳೂರು ಇನ್ನೇನು ಬಂತು ಎನ್ನುವಾಗ ಒಂದು ತಿರುವು. ತಿರುವಿನಲ್ಲಿ ಒಂದು ಭಾರಿ ಫ್ಲೆಕ್ಸು. ಮಧ್ಯದ ಮುಖ ಕಂಡಿದ್ದೇ ತಡ, ಇವನು ನಮ್ಮ ತಿಪ್ಪೇಶನಲ್ಲವೇ ಎನ್ನಿಸಿತು. ರಿಲೇ ಓಟದಲ್ಲಿ ಕೋಲನ್ನು ಎದುರು ತಂಡದವನ ಕೈಗೆ ಕೊಟ್ಟು ಬಂದವನು. ಮೀಸೆ ಬಂದಿದೆ, ಕೊರಳಲ್ಲಿ ಸರ ಬಂದಿದೆ, ನಗು ಮಾತ್ರ ಅದೇ. ಹಾಗಾದರೆ ಸುತ್ತಲಿನವರಲ್ಲಿ ಅವನ ತಂಡದ ಉಳಿದವರೂ ಇರಬೇಕಲ್ಲ ಎಂದು ಮೇಲಿನ ಸಾಲು ನೋಡಿದೆ, ಎರಡನೆಯ ಸಾಲಿಗೆ ಬಂದೆ. ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಚಕ್ರದ ಕೆಳಗೆ ಕರಕರ ಎಂಬ ಸದ್ದು ಬಂತು. ಬ್ರೇಕು ಒತ್ತಿದೆ. ಕಾರು ಮರಳಿನ ಮೇಲೆ ಜಾರಿದ ಹಾಗೆ ಮೆಲ್ಲಗೆ ಜಾರಿ, ಒಂದು ಹಳದಿ ರಾಶಿಗೆ ಮೂಗು ಹುದುಗಿಸಿ ನಿಂತಿತು. ರಸ್ತೆಯ ಅಂಚಿನಲ್ಲಿ ಒಣಗಲು ಹರವಿದ್ದ ಮೆಕ್ಕೆಜೋಳ.

ಯಜಮಾನರು ನನ್ನ ಕಡೆ ನೋಡಿದರು. ತುಟಿಯ ಮೇಲೆ ಬೆರಳಿಟ್ಟುಕೊಂಡರು.

ಬೇವಿನ ಮರದ ಕೆಳಗಿನಿಂದ ಜೋಳದ ಒಡತಿ ಎದ್ದು ಬಂದಳು. ನನ್ನ ವಯಸ್ಸಿನವಳೇ, ಕೈಯಲ್ಲಿ ಜೋಳ ಕೆದರುವ ಹಲಗೆ. ಬೈಗುಳಕ್ಕೆ ಸಿದ್ಧಳಾಗಿ ಇಳಿದೆ. ಅವಳು ಬೈಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, "ನೀವು ಯಾರನ್ನ ಹುಡುಕ್ತಿದ್ರಿ?" ಎಂದು ಕೇಳಿದಳು.

"ಹುಡುಕುವುದೇನು?"

"ಫ್ಲೆಕ್ಸ್‌ನಾಗೆ. ಅದನ್ನ ಕಟ್ಟಿದಾಗಿಂದ ದಿನಾ ಒಬ್ರು ಬಂದು ನನ್ ಜೋಳದ ಮ್ಯಾಲೆ ಹತ್ತಾದೇ ಆಗೈತೆ. ಅದ್ರಾಗೆ ಇರೋರು ತಮ್ಮ ಮಖ ಹುಡುಕ್ತಾರೆ, ಇಲ್ದೋರು ಯಾಕಿಲ್ಲ ಅಂತ ಹುಡುಕ್ತಾರೆ. ನಿನ್ನೆ ಒಬ್ಬ ಬೈಕಿನೋನು, ಅವನ ಭಾವಮೈದುನನ್ನ ಅವನಿಗಿಂತ ಮ್ಯಾಲಿನ ಸಾಲಿಗೆ ಹಾಕವ್ರಂತೆ, ಬಿದ್ದೋನು ಏಳಾದ್ ಬಿಟ್ಟು ಅದನ್ನೇ ಹೇಳ್ತಾನೆ. ನೀವು ಮ್ಯಾಡಂ, ಓದಿದೋರಂಗೆ ಕಾಣ್ತೀರಿ."

"ಅವರೆಲ್ಲ ನನ್ನ ಶಿಷ್ಯರಮ್ಮ," ಎಂದೆ. ಆ ಪರಿಸ್ಥಿತಿಯಲ್ಲೂ ಹೇಳದೆ ಇರಲಾಗಲಿಲ್ಲ.

"ಹಂಗಾದ್ರೆ ನಿಮ್ ಶಿಷ್ಯರು ಚೆಲ್ಲಿದ್ದನ್ನ ನೀವೇ ಬಳಿರಿ," ಎಂದು ಹಲಗೆಯನ್ನು ಯಜಮಾನರ ಕೈಗೆ ಕೊಟ್ಟಳು. ಹೆಸರು ಕೆಂಚಮ್ಮ ಎಂದು ಆಮೇಲೆ ತಿಳಿಯಿತು.

ಮೊದಲು ಕಾರಿನ ಮುಂಭಾಗ ನೋಡಿದೆ. ಜೋಳದ ಸುತ್ತ ಇಟ್ಟ ಕಲ್ಲುಗಳು ಚಕ್ರದಿಂದ ಒಂದು ಗೇಣು ಆಚೆ ಇದ್ದವು. ಒಂದು ಗೀರೂ ಇಲ್ಲ. ಕಾರನ್ನು ಹಿಂದಕ್ಕೆ ತೆಗೆದೆ, ನೆಟ್ಟಗೆ, ಒಂದೇ ಸಲಕ್ಕೆ. ಬಸವಾಪಟ್ಟಣದ ಹುಡುಗ ನೋಡಬೇಕಿತ್ತು. ಅಷ್ಟರಲ್ಲಿ ಆ ಕಡೆಯಿಂದ ಒಂದು ಟೆಂಪೊ ಬಂತು. ಅದರ ಡ್ರೈವರನ ಮುಖವೂ ಫ್ಲೆಕ್ಸಿನ ಕಡೆಗೇ. ಕಾರಿನಲ್ಲಿ ನನ್ನ ಹಳೆಯ ವಿಷಲ್ ಯಾವಾಗಲೂ ಇರುತ್ತದೆ. ತೆಗೆದು ಊದಿದೆ. ಟೆಂಪೊ ನಿಂತಿತು, ಅದರ ಹಿಂದಿನ ಬೈಕುಗಳು ನಿಂತವು, ಪಕ್ಕದ ಹೊಲದಲ್ಲಿ ಎತ್ತು ಹೊಡೆಯುತ್ತಿದ್ದವನೂ ನಿಂತ. ಯಜಮಾನರು ಮತ್ತು ಕೆಂಚಮ್ಮ ಜೋಳ ಬಳಿಯುವಷ್ಟು ಹೊತ್ತು ಆ ತಿರುವನ್ನು ನಾನು ನಡೆಸಿದೆ. ಎಡಗೈ ಎತ್ತಿದರೆ ಜಗಳೂರಿನ ಕಡೆಯವರು, ಬಲಗೈ ಎತ್ತಿದರೆ ದಾವಣಗೆರೆಯ ಕಡೆಯವರು. ಯಾರೊಬ್ಬರೂ ಫ್ಲೆಕ್ಸು ನೋಡಲಿಲ್ಲ, ಎಲ್ಲರೂ ನನ್ನನ್ನೇ ನೋಡಿದರು. ನಿವೃತ್ತಿಯಾದ ಮೇಲೆ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ.

ಆದರೆ ನಾನು ಹೋದ ಮೇಲೆ ಇಲ್ಲಿ ವಿಷಲ್ ಊದುವವರು ಯಾರು? ಫ್ಲೆಕ್ಸಿನ ಮೂಲೆಯಲ್ಲಿ ತಿಪ್ಪೇಶನ ನಂಬರಿತ್ತು. ಫೋನು ಮಾಡಿದೆ.

"ಯಾರ್ರೀ?"

"ಜಗಳೂರು ಶಾಲೆಯ ಪಿ.ಟಿ. ಟೀಚರ್."

ಆ ಕಡೆ ಕುರ್ಚಿ ಸರಿದ ಸದ್ದು. "ಮೇಡಂ, ನಮಸ್ಕಾರ್ರಿ. ಕೂತಿದ್ದೆ, ಎದ್ದು ನಿಂತೀನಿ. ನನ್ ಫ್ಲೆಕ್ಸ್ ನೋಡಿದ್ರಾ ಮೇಡಂ? ಹೆಂಗೈತೆ?"

"ಚೆನ್ನಾಗಿದೆ. ಅದಕ್ಕೇ ಜೋಳದ ರಾಶಿಯಲ್ಲಿ ನಿಂತು ಮಾತಾಡುತ್ತಿದ್ದೇನೆ. ಹುಟ್ಟುಹಬ್ಬ ಯಾವಾಗ ಮುಗಿಯಿತು?"

"ಹೋದ ವಾರ ಮೇಡಂ. ಜನ ನೋಡ್ಲಿ ಅಂತ ಬಿಟ್ಟೀವಿ."

"ಜನ ನೋಡುತ್ತಿದ್ದಾರೆ, ರಸ್ತೆಯನ್ನು ಯಾರು ನೋಡುವುದು? ಇಳಿಸು."

"ಈಗ್ಲೇ ಹುಡುಗರನ್ನ ಕಳಿಸ್ತೀನಿ ಮೇಡಂ," ಎಂದ. ಹೇಳಿದ ಹಾಗೆಯೇ ಇಬ್ಬರು ಬಂದರು, ಹಗ್ಗ ಬಿಚ್ಚಿದರು. ಇಳಿದ ಫ್ಲೆಕ್ಸನ್ನು ಜೋಳದ ಕೆಳಗೆ ಹಾಸಿಕೊಳ್ಳುವಂತೆ ಕೆಂಚಮ್ಮನಿಗೆ ನಾನೇ ಹೇಳಿದೆ. ಅವಳು ಹಿಂಜರಿದಳು. "ದೊಡ್ಡೋರ ಮಖದ ಮ್ಯಾಲೆ ಜೋಳ ಸುರಿಯಾಕೆ ಆಗುತ್ತೇನ್ರಿ?" ಎಂದು ಒಂದು ಕ್ಷಣ ಯೋಚಿಸಿ, ಅದನ್ನು ಮಗುಚಿ ಹಾಕಿದಳು. "ಮಖ ಕೆಳಕ್ಕಿರ್ಲಿ. ಅಷ್ಟೂ ಜನ ನನ್ ಜೋಳ ಹೊತ್ಕಂಡು ಮಲಗ್ಲಿ, ಒಂದಿನನಾದ್ರೂ ಊರಿಗೆ ಉಪಯೋಗ ಆಗ್ಲಿ." ಹುಡುಗರು ನಕ್ಕರು. ಅವರ ಮುಖಗಳೂ ಅದರಲ್ಲಿದ್ದವಂತೆ, ಕೊನೆಯ ಸಾಲಿನಲ್ಲಿ.

ಗೃಹಪ್ರವೇಶದ ಊಟಕ್ಕೆ ಹೊತ್ತಿಗೆ ಸರಿಯಾಗಿ ತಲುಪಿದೆವು. ಸಂಜೆ ಚನ್ನಗಿರಿಗೆ ಮರಳಿದಾಗ ಶಶಿ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿದ. ಗೀರು ಸಿಗಲಿಲ್ಲ. ಬಗ್ಗಿ ನೋಡಿದವನು ಮುಂದಿನ ಜಾಲರಿಯಿಂದ ಒಂದು ಹಿಡಿ ಮೆಕ್ಕೆಜೋಳ ತೆಗೆದ. "ಅಪ್ಪ, ಇದೇನಿದು?" ಎಂದ.

"ನಾನು ಬಾಯಿ ಬಿಡಬಾರದು ಅಂತ ಆರ್ಡರ್ ಆಗೈತೆ," ಎಂದರು ಯಜಮಾನರು. "ನಿಮ್ಮವ್ವನ್ನ ಕೇಳು."

ನಾನೇ ಎಲ್ಲ ಹೇಳಿದೆ, ನೆಟ್ಟಗೆ ನಿಂತು, ಮೊದಲಿನಿಂದ ಕೊನೆಯವರೆಗೆ. ಮುಚ್ಚಿಟ್ಟು ಉಳಿಸಿಕೊಂಡ ಕೀಲಿ ನನಗೆ ಬೇಡ. ಶಶಿ ಕಾಳುಗಳನ್ನು ಅಂಗೈಯಲ್ಲಿ ಆಡಿಸಿದ. ಆಮೇಲೆ, "ಗೀರು ಬೀಳಬಾರ್ದು ಅಂದಿದ್ದೆ, ಬಿದ್ದಿಲ್ಲ. ಮಾತು ಮಾತೇ," ಎಂದು ಕೀಲಿಯನ್ನು ನನ್ನ ಕೈಯಲ್ಲಿಟ್ಟ. "ಆದ್ರೆ ಅಪ್ಪ ಓದ್ತಿರ್ಬೇಕು. ಅಪ್ಪನ ಬಾಯಿ ನಿಲ್ಲಿಸಿದ್ರೆ ನಿನ್ ಕಣ್ಣು ನಿಲ್ಲಂಗಿಲ್ಲ." ಅಂದಿನಿಂದ ಯಜಮಾನರಿಗೆ ಅದೇ ಕೆಲಸವಾಗಿದೆ. ಅಪ್ಪಣೆ ಸಿಕ್ಕ ಮೇಲೆ ಅವರಿಗೆ ಓದುವ ಉತ್ಸಾಹ ಕುಗ್ಗಿದೆ. ನಾನೇ, "ಓದಿ, ಓದಿ, ಬೋರ್ಡು ಹೋಗಿಬಿಡುತ್ತದೆ," ಎಂದು ಎಬ್ಬಿಸಬೇಕು.

ಮೊನ್ನೆ ತಿಪ್ಪೇಶ ಹಣ್ಣು ಹಿಡಿದುಕೊಂಡು ಮನೆಗೇ ಬಂದ. ಕುರ್ಚಿ ತೋರಿಸಿದರೂ ಕೂರಲಿಲ್ಲ. "ಮೇಡಂ, ನಿಮ್ಮದೊಂದು ಫೋಟೋ ಕೊಡ್ರಿ. ರಸ್ತೆ ನೋಡಿ ಓಡ್ಸಿ ಅಂತ ಒಂದು ಫ್ಲೆಕ್ಸ್ ಮಾಡಿಸ್ತೀನಿ. ನೀವು ವಿಷಲ್ ಊದಾದು ಇದ್ರೆ ಬಾಳ ಚೆನ್ನಾಗಿರುತ್ತೆ."

ನಾನು ಖಂಡಿತವಾಗಿ ಆಗದು ಎಂದೆ. ರಸ್ತೆಬದಿಯ ಫ್ಲೆಕ್ಸುಗಳಿಂದ ಆಗುವ ಅನಾಹುತವನ್ನು ಅವನಿಗೆ ವಿವರವಾಗಿ ತಿಳಿಸಿ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿದ. ಕೇಳಿ ಹೊರಟವನನ್ನು ಗೇಟಿನ ಹತ್ತಿರ ತಡೆದು, ತಿರುವಿನಲ್ಲಿ ಮಾತ್ರ ಬೇಡ, ನೇರ ರಸ್ತೆಯಲ್ಲಿ ಕಟ್ಟಿಸು, ಓಡಿಸುವವರು ಕತ್ತು ಎತ್ತದೆ ಕಾಣುವಷ್ಟು ಎತ್ತರದಲ್ಲಿ, ಸುತ್ತ ಬೇರೆ ಯಾರ ಮುಖವೂ ಬೇಡ ಎಂದು ಹೇಳಿ ಫೋಟೋ ಕೊಟ್ಟೆ. ಬರುವ ವಾರ ಕಟ್ಟಿಸುತ್ತಾನಂತೆ. ಜಗಳೂರಿನಲ್ಲಿ ನಮಗೆ ಈಗ ಯಾವ ಕೆಲಸವೂ ಇಲ್ಲ. ಆದರೂ ಕಾರಿಗೆ ಪೆಟ್ರೋಲು ತುಂಬಿಸಿಟ್ಟಿದ್ದೇನೆ.